ನೀಲಿ ಯಾವ ಕಡೆಗೆ

ಕ್ಲಟರ್‌ಬಕ್ ಎಂದು ಅವರ ಹೆಸರು.
ಎರಡು ಸಲ ಕೂಗಿದೆ, ಎರಡು ಸಲವೂ ಬೇರೆ ಬೇರೆ ಥರ.
'ಯಾವುದಾದರೂ ನಡೆಯುತ್ತೆ ತಾಯಿ' ಎನ್ನುತ್ತಾ ಎದ್ದು ಬಂದರು.
ಎಪ್ಪತ್ತೊಂದು ವರ್ಷ, ಹಳದಿಗೆ ತಿರುಗಿದ ಕಣ್ಣು,
ರಾತ್ರಿಯಿಂದ ಬರಿಹೊಟ್ಟೆ.

ಗ್ಲಾಸ್ಟರ್ ಆಸ್ಪತ್ರೆಯ ಮೂರನೇ ಕೋಣೆ. ದೀಪ ಸಣ್ಣಗೆ ಮಾಡಿದ್ದೇನೆ.
ಎಡಕ್ಕೆ ಹೊರಳಿ. ಬಲಗೈ ತಲೆಯ ಮೇಲೆ.
ಜೆಲ್ ಸ್ವಲ್ಪ ತಣ್ಣಗಿರುತ್ತೆ.
'ಮಾರ್ಚಿನ ಸೆವರ್ನ್ ಹೊಳೆಗಿಂತಲೂ?'
ಉಸಿರೆಳೆದುಕೊಳ್ಳಿ. ಹಿಡಿದುಕೊಳ್ಳಿ.

ಶಾಲೆಯಲ್ಲಿ ಇದನ್ನು ಪಿತ್ತಜನಕಾಂಗ ಎಂದು ಬಾಯಿಪಾಠ ಮಾಡಿದ್ದೆ,
ಒತ್ತಕ್ಷರ ಮರೆತು ಅರ್ಧ ಅಂಕ ಕಳಕೊಂಡಿದ್ದೆ.
ಚಿಂತಾಮಣಿಯ ಅಪ್ಪನ ಮಟನ್ ಅಂಗಡಿಯಲ್ಲಿ ಅದು ಬರೀ ಈಲಿ:
ತಕ್ಕಡಿಯಲ್ಲಿ ಜಾರುವ ಕಂದು ಹೊಳಪು,
ಬಾಣಂತಿಯರಿಗೆಂದು ಎತ್ತಿಟ್ಟ ಕಾಲು ಕೇಜಿ.
ಕೊಯ್ದರೆ ಒಳಗೆ ತೂತುಗಳು.
ಇವೇನಪ್ಪಾ? 'ದಾರಿಗಳು' ಎಂದಿದ್ದ ಅಪ್ಪ
ಯಾರಿಗೋ ಚಿಲ್ಲರೆ ಎಣಿಸುತ್ತಾ.
ಖಾಲಿ ದಾರಿಗಳು ಅವು.

ಈಗ ನಾನು ದಾರಿ ಓಡುತ್ತಿರುವಾಗಲೇ ನೋಡುವವಳು.
ಪಕ್ಕೆಲುಬಿನ ಸಂದಿಯಲ್ಲಿ ಪ್ರೋಬ್ ಓರೆ ಮಾಡಿದರೆ
ಮೇಲುಗಡೆ ಮೂರು ನಾಳ, ಒದ್ದೆ ಮಣ್ಣಲ್ಲಿ ಕಾಗೆಯ ಹೆಜ್ಜೆ;
ಕೆಳಗೆ, ಕರುಳು ಕೂಡಿಸಿದ್ದನ್ನೆಲ್ಲ ಹೊತ್ತು ತರುವ
ಪೋರ್ಟಲ್ ಎಂಬ ಹೆದ್ದಾರಿ.
ಹದಿನೈದು ಮಿಲಿಮೀಟರು. ಇರಬೇಕಾದ್ದಕ್ಕಿಂತ ಅಗಲ.
ಬಣ್ಣದ ಗುಂಡಿ ಒತ್ತಿದೆ.

ಕೆಂಪು ಎಂದರೆ ನನ್ನ ಕಡೆಗೆ. ನೀಲಿ ಎಂದರೆ ನನ್ನಿಂದಾಚೆ.
ಅಷ್ಟೇ. ಕೆಟ್ಟ ರಕ್ತ ಒಳ್ಳೆ ರಕ್ತ ಎಂದೇನಿಲ್ಲ.
ಈ ನಾಳ ಈ ಕೋನದಲ್ಲಿ ಕೆಂಪಗಿರಬೇಕು.
ನೀಲಿ.

ಮೊದಲು ಯಂತ್ರವನ್ನೇ ಅನುಮಾನಿಸಬೇಕು.
ರಾತ್ರಿ ಪಾಳಿಯ ಐವನ್ ಬಣ್ಣದ ಪಟ್ಟಿ ತಿರುವಿಟ್ಟು ಹೋಗುವುದುಂಟು.
ಪರದೆಯ ಮೂಲೆ ನೋಡಿದೆ: ಮೇಲೆ ಕೆಂಪು, ಕೆಳಗೆ ನೀಲಿ.
ಹಾಳಾದವನು ಇವತ್ತೇ ಮುಟ್ಟಿಲ್ಲ.
ಕೋನ ಬದಲಿಸಿದೆ. ನೀಲಿ.
ಅಲೆ ಗೀಚಿಸಿದೆ: ಗೆರೆಯ ಕೆಳಗೆ,
ಸೆಕೆಂಡಿಗೆ ಎಂಟು ಸೆಂಟಿಮೀಟರು,
ದೂರದಲ್ಲಿ ಯಾರೋ ಕಾಳು ಕೇರುತ್ತಿರುವ ಸದ್ದು.
ಈಲಿ ಕಲ್ಲಾಗಿ ಕದ ಹಾಕಿಕೊಂಡಿದೆ,
ಬಂದ ನೆಂಟರು ಬೀದಿಯಿಂದಲೇ ವಾಪಸು.

ಬಿಡಿ ಉಸಿರು.

'ಎಲ್ವರ್ ಗೊತ್ತಾ? ಹಾವುಮೀನಿನ ಮರಿ.
ಎಪ್ನಿಯ ದಡದಲ್ಲಿ ಐವತ್ತು ವಸಂತ ಹಿಡಿದೆ, ರಾತ್ರಿ, ಲಾಟೀನಿಟ್ಟು.
ಗಾಜು ಅವು. ಅಂಗೈಲಿಟ್ಟು ದೀಪಕ್ಕೆ ಹಿಡಿದರೆ
ಗುಂಡಿಗೆ ಕಾಣುತ್ತೆ, ಸಾಸಿವೆಗಿಂತ ಸಣ್ಣ ಕೆಂಪು.
ನಿಮ್ಮಂಥವರು ಬೇಕೇ ಇಲ್ಲ ಅವಕ್ಕೆ.'
ನಕ್ಕರು, ಹೊಟ್ಟೆ ಕುಲುಕಿ ಚಿತ್ರ ಕದಡಿತು.
ಮತ್ತೆ ಎಳೆಯಿರಿ, ಮತ್ತೆ ಹಿಡಿಯಿರಿ.

ಆ ಮರಿಗಳು ಬರುವುದು ಹೊಳೆ ಹಿಂದಕ್ಕೆ ಹರಿದಾಗಲೇ ಅಂತೆ.
ಹುಣ್ಣಿಮೆಯ ಆಸುಪಾಸು ಕಡಲು ನುಗ್ಗಿ
ಸೆವರ್ನ್ ಗೋಡೆಯಾಗಿ ಎದ್ದು
ಬಂದ ದಾರಿಯಲ್ಲೇ ತಿರುಗುತ್ತದಂತೆ;
ಮರದ ದಿಮ್ಮಿ, ಸತ್ತ ಕುರಿ, ಒಮ್ಮೆ ಯಾರದೋ ಮನೆಯ ಬಾಗಿಲು.
'ಒಂದು ಗಂಟೆ, ಒಂದೂವರೆ. ಆಮೇಲೆ
ಬುದ್ಧಿ ಬಂದವರ ಹಾಗೆ ಮತ್ತೆ ಕಡಲಿನ ಕಡೆ.'

ಈ ನಾಳಕ್ಕೆ ಹುಣ್ಣಿಮೆಯಿಲ್ಲ.
ಹೇಳಲಿಲ್ಲ.

ಕತ್ತೆತ್ತಿ ಪರದೆ ನೋಡಿದರು. 'ನೀಲಿ ಯಾವ ಕಡೆ ಹೋಗ್ತಿದೆ?'
ಹೊಳೆಯವನ ಕಣ್ಣು. ಹರಿವು ಓದಬಲ್ಲದು.
ವರದಿ ಡಾಕ್ಟರಿಗೆ ಹೋಗುತ್ತೆ, ಅವರೇ ವಿವರಿಸುತ್ತಾರೆ, ಎಂದೆ.
ದಿನಕ್ಕೆ ಹದಿನಾಲ್ಕು ಸಲ ಆಡುವ ಮಾತು,
ನಾಲಿಗೆಯಲ್ಲಿ ಅದಕ್ಕೆ ಜಾಡು ಬಿದ್ದಿದೆ.
ಹಾಂ, ಎಂದರು. ಕಾಗದದ ಟವೆಲಿನಲ್ಲಿ ನಿಧಾನ ಒರೆಸಿಕೊಂಡರು,
ಅಂಗಿಯ ಗುಂಡಿ ಒಂದು ಕಾಜ ತಪ್ಪಿಸಿ ಹಾಕಿಕೊಂಡರು.

ಬಾಗಿಲಲ್ಲಿ ನಿಂತು, 'ಈಗ ತಿನ್ನಬಹುದಾ?'
ತಿನ್ನಿ, ಎಂದೆ. ಹೊಟ್ಟೆ ತುಂಬ ತಿನ್ನಿ.
ಅವರು ಕೇಳಿದ್ದರಲ್ಲಿ
ಉತ್ತರಿಸಲು ನನಗೆ ಅಧಿಕಾರವಿದ್ದದ್ದು
ಅದೊಂದಕ್ಕೇ.